ಮೈಸೂರಿನಲ್ಲಿದ್ದುಕೊಂಡೇ ಐಸ್ ಹಾಕಿ ಕಲಿಯಬಹುದೇ?

ಕುವೆಂಪುನಗರದಲ್ಲಿರುವ ನಿಮ್ಮ ಹನ್ನೊಂದು ವರ್ಷದ ಮಗಳು ಮೂರು ವರ್ಷಗಳಿಂದ ಇನ್‌ಲೈನ್ ಸ್ಕೇಟಿಂಗ್ (ಒಂದೇ ಸಾಲಿನಲ್ಲಿ ಚಕ್ರಗಳಿರುವ ಸ್ಕೇಟ್ ತೊಟ್ಟು ಜಾರುವುದು) ಕಲಿಯುತ್ತಿದ್ದು, ಈಗ ಐಸ್ ಹಾಕಿ ಆಡಲೇಬೇಕೆಂದು ಹಟ ಹಿಡಿದಿದ್ದಾಳೆ. ಹಿಮವೇ ಬೀಳದ ಊರಿನಲ್ಲಿ ಇದು ಆಗುಹೋಗುವ ಮಾತೇ, ಆಗುವುದಾದರೆ ಎಲ್ಲಿಂದ ಆರಂಭಿಸಬೇಕು, ಅವಳ ಜೊತೆ ಕುಳಿತು ಪಂದ್ಯ ನೋಡಿದರೆ ನಿಮಗೂ ತಲೆಬುಡ ತಿಳಿಯುವಂತಾಗಲು ಏನು ಮಾಡಬೇಕು ಎಂದು ಕೇಳಿದ್ದೀರಿ. ನಾನು ಮಂಡ್ಯದವನು. ಉದ್ಯೋಗದ ನಿಮಿತ್ತ ಆರು ವರ್ಷ ಕೆನಡಾದ ಒಟ್ಟಾವಾದಲ್ಲಿದ್ದು, ಅಲ್ಲಿ ಮೂವತ್ತು ದಾಟಿದ ಮೇಲೆ ಈ ಆಟ ಕಲಿತು, ಈಗ ಮೈಸೂರಿನಲ್ಲಿ ನೆಲೆಸಿದ್ದೇನೆ. ದೊಡ್ಡ ಆಟಗಾರನೇನೂ ಅಲ್ಲ. ತಡವಾಗಿ ಕಲಿತವನಾದ್ದರಿಂದ ಎಲ್ಲಿ ಎಡವುತ್ತೇವೆ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ನನ್ನ ಅನುಭವದಲ್ಲಿ ಈ ಆಟದ ಮುಕ್ಕಾಲು ಪಾಲನ್ನು ಮೈಸೂರಿನ ಸಿಮೆಂಟ್ ನೆಲದ ಮೇಲೆಯೇ ಕಲಿಯಬಹುದು. ಮಂಜುಗಡ್ಡೆಯ ಮೇಲೆಯೇ ಕಲಿಯಬೇಕಾದ ಕಾಲು ಪಾಲು ಯಾವುದೆಂದು ಮೊದಲೇ ತಿಳಿದುಕೊಂಡರೆ ನಿಮ್ಮ ಹಣವೂ ಅವಳ ಮಂಡಿಯೂ ಉಳಿಯುತ್ತವೆ.

ಆ ಕಾಲು ಪಾಲೆಂದರೆ ನಿಲ್ಲುವುದು. ಮುನ್ನುಗ್ಗುವುದು, ತಿರುಗುವುದು, ಹಿಮ್ಮುಖವಾಗಿ ಸಾಗುವುದು ಇವೆಲ್ಲವನ್ನೂ ನಿಮ್ಮ ಮಗಳು ಚಕ್ರದ ಮೇಲೆ ಕಲಿತಿರುತ್ತಾಳೆ, ಅವು ಹೆಚ್ಚುಕಡಿಮೆ ಹಾಗೆಯೇ ಮಂಜಿನ ಮೇಲೂ ಕೈಗೂಡುತ್ತವೆ. ಐಸ್ ಸ್ಕೇಟಿನ ಅಲಗು ಸುಮಾರು ಮೂರು ಮಿಲಿಮೀಟರ್ ದಪ್ಪವಿದ್ದು, ತಳದಲ್ಲಿ ಉದ್ದಕ್ಕೂ ಸಣ್ಣ ಕಾಲುವೆಯಂತೆ ತೋಡಿರುತ್ತಾರೆ. ಆದ್ದರಿಂದ ಪ್ರತಿ ಅಲಗಿಗೂ ಒಳಗೊಂದು ಹೊರಗೊಂದು ಅಂಚು ಇರುತ್ತದೆ. ನಿಲ್ಲಬೇಕಾದಾಗ ಎರಡೂ ಪಾದಗಳನ್ನು ಒಮ್ಮೆಗೇ ಅಡ್ಡಲಾಗಿ ತಿರುಗಿಸಿ, ಮಂಡಿ ಬಗ್ಗಿಸಿ, ಆ ಅಂಚುಗಳಿಂದ ಮಂಜಿನ ಮೇಲ್ಪದರವನ್ನು ಕೆರೆಯಬೇಕು. ತೆಂಗಿನಕಾಯಿ ತುರಿದಂತೆ ಬಿಳಿಯ ಪುಡಿ ಹಾರುತ್ತದೆ. ಚಕ್ರದ ಸ್ಕೇಟಿನಲ್ಲಿ ಹೀಗೆ ಮಾಡಲು ಹೋದರೆ ಚಕ್ರಗಳು ನೆಲವನ್ನು ಕಚ್ಚಿ ಹಿಡಿದು ಆಳನ್ನು ಎಸೆದುಬಿಡುತ್ತವೆ, ಹಾಗಾಗಿ ನಾವೆಲ್ಲ ಹಿಂದಿನ ಪಾದವನ್ನು ಅಡ್ಡ ಎಳೆದು ನಿಧಾನವಾಗಿ ನಿಲ್ಲುವ ರೂಢಿ ಮಾಡಿಕೊಂಡಿರುತ್ತೇವೆ. ಮೈಸೂರಿನಲ್ಲಿ ಓದುವಾಗ ಕಲಿತ ಆ ರೂಢಿಯನ್ನೇ ನಂಬಿಕೊಂಡು ನಾನು ಮೊದಲ ದಿನ ರಿಂಕಿಗೆ, ಅಂದರೆ ಮಂಜುಗಡ್ಡೆಯ ಆಟದಂಗಳಕ್ಕೆ, ಇಳಿದೆ. ಎದುರಿಗೆ ಹಲಗೆಯ ಗೋಡೆ ಬಂದಾಗ ಹಿಂದಿನ ಪಾದ ಎಳೆದೆ. ಅಂಚು ಕಚ್ಚಿಕೊಂಡಿತು, ಗಿರ್ರನೆ ತಿರುಗಿ ಬೆನ್ನಿನಿಂದ ಗೋಡೆಗೆ ಅಪ್ಪಳಿಸಿದೆ. ಆರೇಳು ವರ್ಷದ ಹುಡುಗಿಯೊಬ್ಬಳು ಪಕ್ಕದಲ್ಲಿ ಸರ್ರನೆ ಬಂದು ನಿಂತು, ಪೆಟ್ಟಾಯಿತೇ ಎಂದು ವಿಚಾರಿಸಿ ಹೋದಳು. ಈ ಒಂದು ವಿದ್ಯೆ ಎಡಕ್ಕೂ ಬಲಕ್ಕೂ ಸಮನಾಗಿ ಬರಲು ನನಗೆ ಇಡೀ ಒಂದು ಚಳಿಗಾಲ ಹಿಡಿಯಿತು. ಚಕ್ರದ ಮೇಲೆ ಪಳಗಿದ ಮಕ್ಕಳಿಗೆ ಅಷ್ಟು ದಿನ ಬೇಕಾಗುವುದಿಲ್ಲ.

ಉಳಿದ ಮುಕ್ಕಾಲು ಪಾಲಿಗೆ ಇಲ್ಲಿಯೇ ಮಾಡಬಹುದಾದ ಕೆಲಸ ಬಹಳವಿದೆ. ಆರಡಿ ಉದ್ದದ ಪ್ಲೈವುಡ್ ಹಲಗೆಗೆ ನುಣುಪಾದ ಸನ್‌ಮೈಕಾ ಅಂಟಿಸಿ, ಎರಡು ತುದಿಗೂ ಮರದ ಪಟ್ಟಿ ಹೊಡೆಸಿ ಕೊಡಿ. ಕಾಲುಚೀಲ ಹಾಕಿಕೊಂಡು ಆ ತುದಿಯಿಂದ ಈ ತುದಿಗೆ ಬಗ್ಗಿದ ಭಂಗಿಯಲ್ಲಿ ಜಾರುತ್ತಿದ್ದರೆ ತೊಡೆಗೂ ಸೊಂಟಕ್ಕೂ ಬರುವ ಕಸುವು ಸ್ಕೇಟಿಂಗ್‌ನ ಕಸುವೇ ಆಗಿರುತ್ತದೆ. ನಮ್ಮ ಮನೆಯ ಹಲಗೆಯನ್ನು ಮಾಡಿಕೊಟ್ಟ ಬಡಗಿ ಇದು ಯಾವ ಕಪಾಟಿನ ಬಾಗಿಲು ಎಂದು ಮೂರು ಸಲ ಕೇಳಿದ್ದರು. ಅದೇ ಹಲಗೆಯ ಮೇಲೆ ಪಕ್ (ಈ ಆಟದಲ್ಲಿ ಚೆಂಡಿನ ಬದಲು ಬಳಸುವ ಬಿಲ್ಲೆ) ಇಟ್ಟು ಹೊಡೆಯುವುದನ್ನೂ ಅಭ್ಯಾಸ ಮಾಡಬಹುದು. ಸ್ಟಿಕ್ಕಿನ ಹಿಡಿತಕ್ಕೆ ಟೈಲ್ಸ್ ನೆಲದ ಮೇಲೆ ಒಂದು ಗಾಲ್ಫ್ ಚೆಂಡು ಸಾಕು: ತಲೆ ಎತ್ತಿಕೊಂಡೇ, ಚೆಂಡನ್ನು ನೋಡದೆ, ಎಡಬಲಕ್ಕೆ ಆಡಿಸಬೇಕು. ಕೊಡಗಿನ ಕಡೆಯವರ ಹಾಕಿ ನೋಡಿ ಬೆಳೆದ ನಮಗೆ ಇಲ್ಲೊಂದು ವ್ಯತ್ಯಾಸ ಕಾಣುತ್ತದೆ. ಮೈದಾನದ ಹಾಕಿಯಲ್ಲಿ ಸ್ಟಿಕ್ಕಿನ ಚಪ್ಪಟೆ ಬದಿಯಲ್ಲಷ್ಟೇ ಆಡಬೇಕು, ಎಡಗೈಯವರಿಗೆಂದು ಬೇರೆ ಸ್ಟಿಕ್ಕೂ ಇಲ್ಲ. ಐಸ್ ಹಾಕಿಯಲ್ಲಿ ಬ್ಲೇಡಿನ ಎರಡು ಬದಿಯನ್ನೂ ಬಳಸಬಹುದು, ಎಡಕ್ಕೆ ಬಾಗಿದ್ದು ಬಲಕ್ಕೆ ಬಾಗಿದ್ದು ಎರಡೂ ಸಿಗುತ್ತವೆ. ಯಾವ ಕೈ ಎಂದು ಯಾರನ್ನೂ ಕೇಳಬೇಡಿ. ಪೊರಕೆ ಕೊಟ್ಟು ಅಂಗಳ ಗುಡಿಸಲು ಹೇಳಿ, ಅವಳಿಗೆ ಯಾವ ಕೈ ಕೆಳಗೆ ಬರುತ್ತದೆಯೋ ಆ ಬದಿಯ ಸ್ಟಿಕ್ಕನ್ನೇ ಕೊಳ್ಳಿ.

ಪಂದ್ಯದ ರುಚಿಗೆ ಇನ್‌ಲೈನ್ ಹಾಕಿ ಇದೆ. ಇದರಲ್ಲಿ ಗೋಲ್‌ಕೀಪರ್ ಬಿಟ್ಟರೆ ತಂಡಕ್ಕೆ ನಾಲ್ವರೇ, ಪಕ್ ಹಗುರವಾದ ಪ್ಲಾಸ್ಟಿಕ್ಕಿನದು. ಭಾರತೀಯ ರೋಲರ್ ಸ್ಕೇಟಿಂಗ್ ಫೆಡರೇಷನ್ನಿನ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇನ್‌ಲೈನ್ ಹಾಕಿಯೂ ಉಂಟು, ಎರಡು ಸಾಲಿನಲ್ಲಿ ನಾಲ್ಕು ಚಕ್ರವಿರುವ ಸ್ಕೇಟ್ ತೊಟ್ಟು ಚೆಂಡಿನಲ್ಲಿ ಆಡುವ ರೋಲರ್ ಹಾಕಿಯೂ ಉಂಟು. ಸೇರಿಸುವ ಮೊದಲು ಯಾವುದನ್ನು ಕಲಿಸುತ್ತಾರೆಂದು ಕೇಳಿಕೊಳ್ಳಿ, ನಿಮಗೆ ಬೇಕಾದದ್ದು ಮೊದಲನೆಯದು.

ಮೈಸೂರಿನಲ್ಲಿ ಐಸ್ ರಿಂಕ್ ಏಕಿಲ್ಲ ಎಂಬುದಕ್ಕೆ ಉತ್ತರ ನನಗೆ ಮಂಡ್ಯದಲ್ಲೇ ಸಿಕ್ಕಿತ್ತು. ನಮ್ಮ ಸೋದರಮಾವ ಐಸ್ ಕ್ಯಾಂಡಿ ಕಾರ್ಖಾನೆ ನಡೆಸುತ್ತಿದ್ದರು. ದೊಡ್ಡ ತೊಟ್ಟಿಯ ತುಂಬ ಉಪ್ಪುನೀರು; ಅದು ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ಗಟ್ಟಿಯಾಗದು, ಅದರಲ್ಲಿ ಅದ್ದಿದ ಅಚ್ಚುಗಳೊಳಗಿನ ಬಣ್ಣದ ನೀರು ಮಾತ್ರ ಕ್ಯಾಂಡಿಯಾಗುತ್ತಿತ್ತು. ರಿಂಕ್ ಕೂಡ ಅದೇ ಏರ್ಪಾಡು. ಕಾಂಕ್ರೀಟ್ ನೆಲದೊಳಗೆ ಕಿಲೋಮೀಟರುಗಟ್ಟಲೆ ಕೊಳವೆ ಹೂತು, ತಣ್ಣಗೆ ಕೊರೆಯುವ ಉಪ್ಪುನೀರನ್ನೋ ಗ್ಲೈಕಾಲನ್ನೋ ಹರಿಸಿ, ಮೇಲೆ ನೀರು ಚಿಮುಕಿಸುತ್ತ ಪದರದ ಮೇಲೆ ಪದರ ಕಟ್ಟುತ್ತಾರೆ. ಎಲ್ಲ ಮುಗಿದ ಮೇಲೂ ಮಂಜಿನ ದಪ್ಪ ಒಂದಂಗುಲದ ಆಸುಪಾಸು. 60 ಮೀಟರ್ ಉದ್ದ, 26ರಿಂದ 30 ಮೀಟರ್ ಅಗಲದ ನೆಲವನ್ನು ನಮ್ಮ ಏಪ್ರಿಲ್ ತಿಂಗಳಲ್ಲಿ ಹಾಗೆ ಇಟ್ಟುಕೊಳ್ಳಲು ಬರುವ ಕರೆಂಟ್ ಬಿಲ್ಲನ್ನು ಮಾವನೇ ಲೆಕ್ಕ ಹಾಕಿ ನಕ್ಕಿದ್ದರು. ದೆಹರಾದೂನ್‌ನಲ್ಲಿ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕಾಗಿ ಕಟ್ಟಿದ ಪೂರ್ಣ ಅಳತೆಯ ರಿಂಕ್ ಕೂಡ ವರ್ಷಾನುಗಟ್ಟಲೆ ಮುಚ್ಚಿದ್ದು, 2025ರಲ್ಲಿ ಮತ್ತೆ ತೆರೆಯಿತು.

ದೇಶದಲ್ಲಿ ಈ ಆಟದ ತವರು ಲಡಾಖ್. ಅಲ್ಲಿ ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಕೆರೆಗಳೇ ರಿಂಕ್ ಆಗುತ್ತವೆ. ಹಿಮಾಚಲದ ಸ್ಪಿತಿ ಕಣಿವೆಯ ಕಾಜಾದಲ್ಲೂ ಹಾಗೆಯೇ. ಭಾರತದ ಮಹಿಳಾ ತಂಡ 2016ರಲ್ಲಿ ಮೊದಲ ಅಂತರರಾಷ್ಟ್ರೀಯ ಟೂರ್ನಿ ಆಡಿ, 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪೈನ್ಸ್ ವಿರುದ್ಧ ಮೊದಲ ಗೆಲುವು ಕಂಡು, 2025ರಲ್ಲಿ ಅಲ್ ಐನ್‌ನಲ್ಲಿ ಏಷ್ಯಾ ಕಪ್ ಕಂಚು ಗೆದ್ದಿತು. ಆ ತಂಡದ ಬಹುಪಾಲು ಹುಡುಗಿಯರು ಲಡಾಖಿನವರು. ಅವರ ನಡುವೆ ಮೈಸೂರಿನ ಹುಡುಗಿಯೊಬ್ಬಳು ಜಾಗ ಗಿಟ್ಟಿಸುವುದು ಸುಲಭವೆಂದು ನಾನು ಹೇಳಲಾರೆ. ಆದರೆ ಲೇಹ್‌ನಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಐಸ್ ಸ್ಕೇಟಿಂಗ್‌ನಲ್ಲಿ ಕರ್ನಾಟಕದವರು ಪದಕ ಗೆದ್ದಿದ್ದಾರೆ ಎಂಬುದನ್ನು ಅವಳಿಗೆ ತಿಳಿಸಿ. ಒಂದು ಚಳಿಗಾಲದಲ್ಲಿ ಹತ್ತು ದಿನ ಕರೆದೊಯ್ಯುವುದಾದರೆ ಮೊದಲ ಎರಡು ಮೂರು ದಿನ ಸುಮ್ಮನೆ ವಿಶ್ರಾಂತಿಯಲ್ಲಿಡಿ. ಮೈಸೂರು ಇರುವುದು ಸುಮಾರು 760 ಮೀಟರ್ ಎತ್ತರದಲ್ಲಿ, ಲೇಹ್ ಸುಮಾರು 3,500 ಮೀಟರ್‌ನಲ್ಲಿ. ಉಳಿದ ದಿನಗಳನ್ನು ಬೇರೇನಕ್ಕೂ ಕೊಡದೆ ನಿಲ್ಲುವುದನ್ನೇ ಕಲಿಸಿ.

ಇನ್ನು ನೋಡುವ ವಿಚಾರ. ಪಕ್ ಎಂಬುದು ಮೂರಂಗುಲ ಅಗಲ, ಒಂದಂಗುಲ ದಪ್ಪದ ರಬ್ಬರ್ ಬಿಲ್ಲೆ. ಪುಟಿಯದಿರಲೆಂದು ಪಂದ್ಯಕ್ಕೆ ಮುಂಚೆ ಫ್ರೀಜರಿನಲ್ಲಿಟ್ಟಿರುತ್ತಾರೆ. ಅದನ್ನು ಕಣ್ಣಿನಲ್ಲಿ ಹಿಂಬಾಲಿಸಲು ಹೋಗಬೇಡಿ, ಗೋಲ್‌ಕೀಪರ್ ಯಾವ ಕಡೆ ಮುಖ ಮಾಡಿದ್ದಾನೆಂದು ನೋಡಿ, ಪಕ್ ಅಲ್ಲೇ ಇರುತ್ತದೆ. ಇಪ್ಪತ್ತು ನಿಮಿಷಗಳ ಮೂರು ಅವಧಿ, ಒಂದೊಂದು ಕಡೆ ಕೀಪರ್ ಸೇರಿ ಆರು ಜನ. ಮುಕ್ಕಾಲು ನಿಮಿಷಕ್ಕೊಮ್ಮೆ ಆಟ ನಡೆಯುತ್ತಿರುವಾಗಲೇ ಆಟಗಾರರು ಬದಲಾಗುತ್ತಾರೆ, ಏಕೆಂದರೆ ಅದಕ್ಕಿಂತ ಹೆಚ್ಚು ಹೊತ್ತು ಆ ವೇಗ ಯಾರಿಗೂ ದಕ್ಕದು. ತಪ್ಪು ಮಾಡಿದವನನ್ನು ಎರಡು ನಿಮಿಷ ಹೊರಗೆ ಕೂರಿಸುತ್ತಾರೆ. ಕಬಡ್ಡಿಯಲ್ಲಿ ಔಟಾದವನು ಹೊರಗೆ ಕುಳಿತಾಗ ಎದುರಾಳಿ ಮೇಲೇರಿ ಬರುತ್ತಾನಲ್ಲ, ಹಾಗೆ. ಆ ಹೊತ್ತಿನಲ್ಲಿ ಎದುರಾಳಿ ಗೋಲು ಹೊಡೆದರೆ ಹೊರಗೆ ಕುಳಿತವನ ಶಿಕ್ಷೆಯೂ ಅಲ್ಲಿಗೆ ಮುಗಿಯುತ್ತದೆ. ಆಫ್‌ಸೈಡ್‌ಗೆ ಒಂದೇ ಮಾತು: ರಿಂಕಿನ ಅಡ್ಡಕ್ಕೆ ಎಳೆದ ಎರಡು ನೀಲಿ ಗೆರೆಗಳಲ್ಲಿ ಎದುರಾಳಿಯ ಗೋಲಿನ ಕಡೆಯದನ್ನು ಪಕ್‌ಗಿಂತ ಮೊದಲು ದಾಳಿಗಾರರು ದಾಟಕೂಡದು. ಇಷ್ಟು ತಿಳಿದರೆ ಒಂದು ವಾರ ನೋಡಲು ಸಾಕು. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಪಂದ್ಯಗಳು ಅಲ್ಲಿನ ಪೂರ್ವಭಾಗದಲ್ಲಿ ಸಂಜೆ ಏಳಕ್ಕೆ ಆರಂಭವಾದರೆ ಚಳಿಗಾಲದಲ್ಲಿ ನಮಗೆ ಬೆಳಗಿನ 5.30, ಬೇಸಿಗೆಯಲ್ಲಿ 4.30. ಕಾಫಿ ಹೊತ್ತಿಗೆ ಹೊಂದುತ್ತದೆ. ಹೆಣ್ಣುಮಗುವಾದ್ದರಿಂದ 2024ರಲ್ಲಿ ಆರಂಭವಾದ ಮಹಿಳೆಯರ ವೃತ್ತಿಪರ ಲೀಗ್ ಪಿಡಬ್ಲ್ಯುಎಚ್‌ಎಲ್‌ನ ಪಂದ್ಯಗಳನ್ನೂ ತೋರಿಸಿ.

ಸಾಮಾನುಗಳಲ್ಲಿ ಹೆಲ್ಮೆಟ್ಟಿನ ಮುಖಜಾಲರಿ ಮತ್ತು ಕತ್ತಿನ ಪಟ್ಟಿಯ ವಿಷಯದಲ್ಲಿ ರಾಜಿ ಬೇಡ. 2023ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಡಂ ಜಾನ್ಸನ್ ಎಂಬ ಆಟಗಾರ ಕತ್ತಿಗೆ ಸ್ಕೇಟಿನ ಅಲಗು ತಗುಲಿ ತೀರಿಕೊಂಡ ಮೇಲೆ ಅಂತರರಾಷ್ಟ್ರೀಯ ಒಕ್ಕೂಟ ತನ್ನ ಟೂರ್ನಿಗಳಲ್ಲಿ ಆ ಪಟ್ಟಿಯನ್ನು ಕಡ್ಡಾಯ ಮಾಡಿದೆ. ಐಸ್ ಸ್ಕೇಟನ್ನು ಈಗಲೇ ಕೊಳ್ಳಬೇಡಿ, ಹನ್ನೊಂದರ ವಯಸ್ಸಿನ ಪಾದ ಆರು ತಿಂಗಳಲ್ಲಿ ಬೆಳೆದುಬಿಡುತ್ತದೆ. ಕೊಳ್ಳುವ ದಿನ ಬಂದಾಗ ಅದರ ನಂಬರ್ ಸಾಮಾನ್ಯವಾಗಿ ಶೂ ನಂಬರಿಗಿಂತ ಒಂದು ಒಂದೂವರೆ ಕಡಿಮೆ ಇರುತ್ತದೆಂದು ನೆನಪಿಡಿ. ಅಲಗಿಗೆ ಸಾಣೆಯನ್ನೂ ರಿಂಕ್ ಇರುವ ಊರಿನಲ್ಲೇ ಹಿಡಿಸಿ. ನಾನು ಒಮ್ಮೆ ಅವಸರದಲ್ಲಿ ಇಲ್ಲಿ ಬೀದಿಯಲ್ಲಿ ಬಂದ ಸಾಣೆಯವರ ಕೈಗೆ ಕೊಟ್ಟಿದ್ದೆ. ಅವರು ಬಹಳ ಶ್ರದ್ಧೆಯಿಂದ ತಳದ ಕಾಲುವೆಯನ್ನೆಲ್ಲ ಉಜ್ಜಿ ಮಟ್ಟ ಮಾಡಿ, ಈಳಿಗೆಮಣೆಯಂತೆ ಒಂದೇ ಅಂಚು ತೆಗೆದು ಕೊಟ್ಟರು.