ಬಣ್ಣದ ಕಲೆಗಳಲ್ಲಿ ಶೇಕಡಾ 93ರಷ್ಟು ಪರ್ಲ್ ಪ್ರೋಗ್ರಾಂಗಳು ಎಂಬುದು ನಿಜವೇ?

ಎರಚಿದ ಬಣ್ಣದ ಕಲೆಗಳಲ್ಲಿ ಶೇಕಡಾ 93ರಷ್ಟು ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಿಂಧುವಾದ ಪ್ರೋಗ್ರಾಂಗಳಾಗಿರುತ್ತವೆ ಎಂಬ ಸಂಶೋಧನೆ ನಿಜವೋ ತಮಾಷೆಯೋ ಎಂದು ಕೇಳಿದ್ದೀರಿ. ಉದ್ದೇಶ ತಮಾಷೆಯದು, ಆದರೆ ಅದರ ಹಿಂದಿರುವ ವ್ಯಾಕರಣದ ಸಂಗತಿ ನಿಜ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಏಪ್ರಿಲ್ 1ರ ಆಸುಪಾಸಿನಲ್ಲಿ ನಡೆಯುವ ಸಿಗ್‌ಬೋವಿಕ್ ಎಂಬ ಹಾಸ್ಯ ಸಮ್ಮೇಳನಕ್ಕಾಗಿ ಕಾಲಿನ್ ಮೆಕ್‌ಮಿಲೆನ್ 2019ರಲ್ಲಿ ಈ ಪ್ರಬಂಧವನ್ನು ಬರೆದರು. ಕಲೆಗಳ ಚಿತ್ರಗಳನ್ನು ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟು, ಅದು ಓದಿ ಹೇಳಿದ ಅಸಂಬದ್ಧ ಅಕ್ಷರಗಳನ್ನು ಪರ್ಲ್ ಒಪ್ಪುತ್ತದೆಯೇ ಎಂದು ನೋಡುವುದೇ ಅವರ ವಿಧಾನ.

ಪರ್ಲ್ ಅಷ್ಟು ಸುಲಭವಾಗಿ ಒಪ್ಪುವುದಕ್ಕೆ ಕಾರಣವಿದೆ. ಉದ್ಧರಣ ಚಿಹ್ನೆಯಿಲ್ಲದೆ ಬರೆದ ಅಪರಿಚಿತ ಪದವನ್ನು, ಅಂದರೆ ಬೇರ್‌ವರ್ಡ್ ಅನ್ನು, ಅದು ಸಾಮಾನ್ಯ ಸ್ಥಿತಿಯಲ್ಲಿ ಸ್ಟ್ರಿಂಗ್, ಅಂದರೆ ಬರಿಯ ಅಕ್ಷರಗಳ ಸಾಲು, ಎಂದೇ ತಿಳಿಯುತ್ತದೆ. ಅಂತಹ ಎರಡು ಪದಗಳ ನಡುವೆ ಕಳೆಯುವ ಚಿಹ್ನೆ ಬಿದ್ದರೆ ಎರಡನ್ನೂ ಸೊನ್ನೆಯೆಂದು ಎಣಿಸಿ, ಸೊನ್ನೆಯನ್ನೇ ಉತ್ತರವಾಗಿ ಕೊಡುತ್ತದೆ. ‘ಯೂಸ್ ಸ್ಟ್ರಿಕ್ಟ್’ ಎಂಬ ಒಂದು ಸಾಲನ್ನು ಮೇಲೆ ಸೇರಿಸಿದರೆ ಇಂತಹ ಪದಗಳು ದೋಷವೆನಿಸಿಕೊಳ್ಳುತ್ತವೆ. ಜವಾಬ್ದಾರಿಯಿಂದ ಪರ್ಲ್ ಬರೆಯುವವರೆಲ್ಲ ಆ ಸಾಲನ್ನು ಬರೆದೇ ಮುಂದುವರಿಯುವುದರಿಂದ, ಪ್ರಬಂಧದ ಅಂಕಿಯನ್ನು ಭಾಷೆಯ ದೈನಂದಿನ ಬಳಕೆಗೆ ಅನ್ವಯಿಸುವುದು ನ್ಯಾಯವಲ್ಲ. ಆದರೂ ಈ ಪ್ರಬಂಧವನ್ನು ನಾನು ಮನಸಾರೆ ಮೆಚ್ಚುತ್ತೇನೆ, ಏಕೆಂದರೆ ಸಿಂಧುವಾದ ಪ್ರೋಗ್ರಾಂ ಅರ್ಥಪೂರ್ಣವಾಗಿರಬೇಕಿಲ್ಲ ಎಂಬುದನ್ನು ಪಾರ್ಸಿಂಗ್ (ಪ್ರೋಗ್ರಾಂನ ವ್ಯಾಕರಣವನ್ನು ಬಿಡಿಸಿ ಓದುವುದು) ಪಾಠಗಳಿಗಿಂತ ಸ್ಪಷ್ಟವಾಗಿ ಅದು ತೋರಿಸುತ್ತದೆ.

ಪರ್ಲ್‌ನ ಬರವಣಿಗೆ ಹೊಸಬರಿಗೆ ಎಷ್ಟು ಒಗ್ಗುತ್ತದೆ ಎಂಬುದಕ್ಕೆ ನಿಮಗೆ ಗಂಭೀರವಾದ ಸಾಕ್ಷ್ಯವೇ ಬೇಕಿದ್ದರೆ ಆಂಡ್ರಿಯಾಸ್ ಸ್ಟೆಫಿಕ್ ಮತ್ತು ಸಂಗಡಿಗರ 2011ರ ಅಧ್ಯಯನವನ್ನು ಓದಿ, ಇದು ತಮಾಷೆಯಲ್ಲ. ಔಷಧ ಪರೀಕ್ಷೆಯಲ್ಲಿ ಸಕ್ಕರೆ ಗುಳಿಗೆಯನ್ನು ಬಳಸುವಂತೆ, ಅವರು ರಾಂಡೊಮೊ ಎಂಬ ಭಾಷೆಯೊಂದನ್ನು ಕಟ್ಟಿ, ಅದರ ಹಲವು ಪದ, ಚಿಹ್ನೆಗಳನ್ನು ಆಸ್ಕಿ ಎಂಬ ಕಂಪ್ಯೂಟರ್ ಅಕ್ಷರ-ಚಿಹ್ನೆಗಳ ಪಟ್ಟಿಯಿಂದ ಯಾದೃಚ್ಛಿಕವಾಗಿ ಆರಿಸಿದರು. ಹೊಸಬರಿಗೆ ಕೆಲವರಿಗೆ ಪರ್ಲ್, ಕೆಲವರಿಗೆ ರಾಂಡೊಮೊ, ಉಳಿದವರಿಗೆ ತಮ್ಮದೇ ಕ್ವೋರಂ ಭಾಷೆಯನ್ನು ಕೊಟ್ಟು ಬರೆಸಿದಾಗ, ಕ್ವೋರಂ ಬಳಸಿದವರು ಹೆಚ್ಚು ನಿಖರವಾಗಿ ಬರೆದರು. ಪರ್ಲ್ ಮತ್ತು ರಾಂಡೊಮೊ ನಡುವೆ ಮಾತ್ರ ಸಂಖ್ಯಾಶಾಸ್ತ್ರೀಯವಾಗಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಕ್ವೋರಂ ಅನ್ನು ರೂಪಿಸಿದವರೇ ಪರೀಕ್ಷೆಯನ್ನೂ ನಡೆಸಿದ್ದರೆಂಬುದನ್ನು ಓದುವಾಗ ಗಮನದಲ್ಲಿಡಬೇಕು. ಪರೀಕ್ಷೆಗೆ ಕುಳಿತವರು ಆರಂಭಿಕರಷ್ಟೇ ಆದ್ದರಿಂದ, ವರ್ಷಗಟ್ಟಲೆ ಪರ್ಲ್ ಬಳಸಿದವರ ಕೌಶಲದ ಬಗ್ಗೆ ಈ ಫಲಿತಾಂಶ ಏನನ್ನೂ ಹೇಳುವುದಿಲ್ಲ.