ಅರಿಶಿನಕ್ಕೆ ಒಳ್ಳೆಮೆಣಸು ಸೇರಿಸಿದರೆ ಕ್ಯಾನ್ಸರ್ ಗುಣವಾಗುತ್ತದಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಬದಿಯಡ್ಕದ ಹತ್ತಿರ. ಅಮ್ಮನಿಗೆ ಸ್ತನ ಕ್ಯಾನ್ಸರ್, ಮಂಗಳೂರಿನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಕೀಮೋ ನಡೆಯುತ್ತಿದೆ. ಬೆಳಿಗ್ಗೆ ಅರಿಶಿನ, ಒಳ್ಳೆಮೆಣಸಿನ ಕಷಾಯ, ರಾತ್ರಿ ಮುಳ್ಳುರಾಮಫಲದ ಎಲೆ ಕುದಿಸಿದ ನೀರು ಕೊಡಬೇಕು ಅಂತ ಚಿಕ್ಕಮ್ಮನ ಹಟ. ಮೆಣಸು ಸೇರಿದರೆ ಅರಿಶಿನದ ಬಲ 20 ಪಟ್ಟಂತೆ. ಗಿಡದ ಮದ್ದಲ್ವಾ, ಕೊಡಬಹುದಾ?
– ಒಬ್ಬ ಓದುಗರು, ಕಾಸರಗೋಡು

ಉತ್ತರ: ಈಗ ಕೊಡಬೇಡಿ. 20 ಪಟ್ಟಿನ ಮಾತು ಸುಳ್ಳಲ್ಲ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಆರೋಗ್ಯವಂತರಿಗೆ ಅರಿಶಿನದ ಕರ್ಕ್ಯುಮಿನ್ 2 ಗ್ರಾಂ ಕೊಟ್ಟರು. ರಕ್ತದಲ್ಲಿ ಅದು ಸಿಕ್ಕಿದ್ದೇ ಕಷ್ಟ. ಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ 20 ಪಟ್ಟು ಜಾಸ್ತಿ ಸಿಕ್ಕಿತು. ಆದರೆ ಜಾಸ್ತಿಯಾದದ್ದು ರಕ್ತಕ್ಕೆ ಸೇರುವ ಪ್ರಮಾಣ. ಗಡ್ಡೆ ಕರಗಿತು ಅಂತ ಅಲ್ಲಿ ಯಾರೂ ನೋಡಿಲ್ಲ.

ಅಮ್ಮನಿಗೆ ಏರಿಸುತ್ತಿರುವ ಪ್ಯಾಕ್ಲಿಟ್ಯಾಕ್ಸೆಲ್ ಕೂಡ ಗಿಡದ ಮದ್ದೇ. ಅಮೆರಿಕದ ಯೂ ಎಂಬ ಮರದ ತೊಗಟೆಯಲ್ಲಿ ಸಿಕ್ಕಿದ್ದು. ಅದು ನೀರಲ್ಲಿ ಕರಗುವುದಿಲ್ಲ, ಹಾಗಾಗಿ ಹರಳೆಣ್ಣೆಯಿಂದ ಮಾಡಿದ ಒಂದು ದ್ರವದಲ್ಲಿ ಕರಗಿಸಿ ಕೊಡುತ್ತಾರೆ, ಆ ದ್ರವವೇ ಕೆಲವರಿಗೆ ಅಲರ್ಜಿ ತರುತ್ತದೆ. ಡ್ರಿಪ್ ಹಾಕುವ ಮೊದಲು ಅಮ್ಮನಿಗೆ ಒಂದೆರಡು ಇಂಜೆಕ್ಷನ್ ಕೊಡುತ್ತಾರಲ್ಲ, ಅದು ಇದಕ್ಕೇ. ಈ ತೊಂದರೆ ತಪ್ಪಿಸಲು ಅದೇ ಮದ್ದನ್ನು ಆಲ್ಬುಮಿನ್ ಪ್ರೋಟೀನಿನ ಅತಿಸಣ್ಣ ಕಣಗಳಿಗೆ ಅಂಟಿಸಿದ ಹೊಸ ರೂಪ 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಗಿಡದ ಸತ್ವದ ಬಲ ಹೆಚ್ಚಿಸುವುದು ಅಂದರೆ ಇಂಥ ಕೆಲಸ. ಎಷ್ಟು, ಯಾವಾಗ, ಎಲ್ಲಿಗೆ ತಲುಪಬೇಕು ಅಂತ ಅಳೆದು ಕೊಡುವುದು.

ಕಷಾಯದಲ್ಲಿ ಆ ಅಳತೆ ಇಲ್ಲ. ಕರುಳು ಮತ್ತು ಲಿವರ್ ಕರ್ಕ್ಯುಮಿನ್ ಅನ್ನು ಬೇಗ ಹೊರಹಾಕುತ್ತವೆ. ಪೈಪರಿನ್ ಆ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಲಿವರ್ ಕೀಮೋ ಮದ್ದನ್ನು ಒಡೆದು ಹೊರಹಾಕುವ ಕೆಲಸಕ್ಕೂ ಅದು ಅಡ್ಡ ಬರಬಹುದು. ಆಗ ಎತ್ತರ, ತೂಕ ನೋಡಿ ಲೆಕ್ಕ ಹಾಕಿದ ಡೋಸ್ ಮೈಯಲ್ಲಿ ಬೇರೆಯೇ ಆಗಿ, ಬಿಳಿ ರಕ್ತಕಣ ಇನ್ನೂ ಇಳಿಯುವ, ಕೈಕಾಲು ಜೋಮು ಹೆಚ್ಚುವ ಭಯ ಇದೆ. ಮುಳ್ಳುರಾಮಫಲದ ಎಲೆಯಲ್ಲಿರುವ ಅನೋನಾಸಿನ್ ಕೂಡ ನರಕ್ಕೆ ಒಳ್ಳೆಯದಲ್ಲ.

ಸಾರು, ಪಲ್ಯಕ್ಕೆ ಹಾಕುವ ಅರಿಶಿನ, ಮೆಣಸಿಗೆ ಹೆದರಬೇಡಿ. ಕಷಾಯ, ಕ್ಯಾಪ್ಸೂಲ್ ಬೇಡ. ಈಗಾಗಲೇ ಕೊಟ್ಟಿದ್ದರೆ ಮುಂದಿನ ಕೀಮೋಕ್ಕೆ ಮೊದಲೇ ಡಾಕ್ಟರಿಗೆ ಹೇಳಿ, ಬೈತಾರೆ ಅಂತ ಮುಚ್ಚಿಡಬೇಡಿ. ಚಿಕ್ಕಮ್ಮನ ಹತ್ತಿರ ಜಗಳವೂ ಬೇಡ. ಕೀಮೋ ಆದ ಮೇಲೆ ಅಮ್ಮನಿಗೆ ಬಾಯಿರುಚಿ ಇರುವುದಿಲ್ಲ, ಆಗ ಬಿಸಿಬಿಸಿ ಕುಚ್ಚಲಕ್ಕಿ ಗಂಜಿ ಮಾಡಿ ಕೊಡಲಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ.