ಆ ಅಪ್ಪ ಊರು ಬಿಟ್ಟು ಯಾಕೆ ಹೋಗಲಿಲ್ಲ?

ನೀವು ಕೇಳಿದ್ದು ಇದು: "1930ರ ದಶಕದಲ್ಲಿ, ಅಮೆರಿಕದ ದಕ್ಷಿಣದ ರಾಜ್ಯ ಮಿಸ್ಸಿಸ್ಸಿಪ್ಪಿಯಲ್ಲಿ ನಡೆಯುವ, ಒಂದು ಕಪ್ಪು ಕುಟುಂಬದ ಕಾದಂಬರಿ ಓದುತ್ತಿದ್ದೇನೆ. ದಿನಾ ಅಷ್ಟೊಂದು ಅವಮಾನ ಆಗುತ್ತೆ. ಆದ್ರೂ ಆ ಅಪ್ಪ ಹೆಂಡತಿ ಮಕ್ಕಳನ್ನು ಕರ್ಕೊಂಡು ಉತ್ತರಕ್ಕೆ ಹೋಗಲ್ಲ. ಇದನ್ನು ನಂಬೋದು ಹೇಗೆ?"

ಹೋದವರು ತುಂಬಾ ಜನ ಇದ್ದಾರೆ. 1910ರಿಂದ 1970ರ ಒಳಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟು ಶಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್ ಕಡೆಗೆ, ಆಮೇಲೆ ಕ್ಯಾಲಿಫೋರ್ನಿಯಾಕ್ಕೂ ಹೋದರು. ಆದರೆ ಹೊರಡೋಕೆ ಏನೇನು ದಾಟಬೇಕಿತ್ತು ಅಂತ ಗೊತ್ತಾದರೆ, ಉಳಿದವನ ಮೇಲೆ ನಿಮಗೆ ಸಿಟ್ಟು ಬರಲ್ಲ.

ಮೊದಲನೆಯದು ಸಾಲ. ಹತ್ತಿ ಸೀಮೆಯ ಕಪ್ಪು ರೈತರಲ್ಲಿ ಜಾಸ್ತಿ ಜನಕ್ಕೆ ಸ್ವಂತ ಜಮೀನು ಇರಲಿಲ್ಲ. ಬೇರೆಯವರದನ್ನು ಪಾಲಿಗೆ ಮಾಡುತ್ತಿದ್ದರು. ಜಮೀನು, ಇರೋಕೆ ಮನೆ, ಬೀಜ, ಹೇಸರಗತ್ತೆ ಎಲ್ಲ ಧಣಿಯದು. ದುಡಿಮೆ ಇವರದು. ಬೆಳೆಯಲ್ಲಿ ಅರ್ಧ ಅಂತ ಮಾತು. ಹತ್ತಿ ಕೈಗೆ ಬರೋ ತನಕ ಮೆಕ್ಕೆಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿಮಾಂಸ, ಕಾಕಂಬಿ, ಸೀಮೆಎಣ್ಣೆ ಎಲ್ಲವನ್ನೂ ಧಣಿಯ ಅಂಗಡಿಯಲ್ಲಿ ಅಥವಾ ಅವನು ಹೇಳಿದ ಕಡೆ ಸಾಲಕ್ಕೆ ತರಬೇಕು. ಬೆಲೆಯೂ ಅವನು ಬರೆದದ್ದೇ, ಬಡ್ಡಿಯೂ ಅವನು ಬರೆದದ್ದೇ. ಹತ್ತಿ ಮಾರಿದ ಮೇಲೆ, ವರ್ಷದ ಕೊನೆಗೆ, ಲೆಕ್ಕ ಚುಕ್ತಾ ಮಾಡುವ ದಿನ ಬರುತ್ತೆ. ಅಪ್ಪ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ನಿಲ್ಲಬೇಕು. ಧಣಿ ಪುಸ್ತಕ ತಿರುವಿ, ಇನ್ನೊಂದು ಸ್ವಲ್ಪ ಹತ್ತಿ ಬಂದಿದ್ದರೆ ಸಾಲ ತೀರಿಬಿಡ್ತಿತ್ತು ನೋಡು ಅಂತಾನೆ. ಶಾಲೆಗೆ ಹೋಗುವ ಮಗಳು ಮನೆಯಲ್ಲಿ ಅದೇ ಲೆಕ್ಕ ಕೂಡಿಸಿ, ನಮಗೇ ದುಡ್ಡು ಬರಬೇಕು ಅಪ್ಪ ಅಂದಿರಬಹುದು. ಅದನ್ನು ಅಲ್ಲಿ ಬಾಯಿ ಬಿಡುವ ಹಾಗಿಲ್ಲ. ಬಿಳಿಯನ ಲೆಕ್ಕ ತಪ್ಪು ಅಂದರೆ ಅವನು ಸುಳ್ಳುಗಾರ ಅಂದ ಹಾಗೆ. ಜೀತದ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

ಲೆಕ್ಕ ಕೇಳಿದವರಿಗೆ ಏನಾಯಿತು ಅನ್ನೋದು ಎಲ್ಲರಿಗೂ ಗೊತ್ತಿತ್ತು. 1919ರ ಸೆಪ್ಟೆಂಬರ್ 30ರ ರಾತ್ರಿ ಅರ್ಕನ್ಸಾದ ಇಲೈನ್ ಊರಿನ ಹತ್ತಿರ ಒಂದು ಚರ್ಚ್‌ನಲ್ಲಿ ಪಾಲುಗಾರ ರೈತರು ಸಭೆ ಸೇರಿದ್ದರು. ಹತ್ತಿಗೆ ಸರಿಯಾದ ಬೆಲೆ ಸಿಗಲಿ, ಲೆಕ್ಕ ತೋರಿಸಲಿ ಅನ್ನೋದಷ್ಟೇ ಅವರ ಬೇಡಿಕೆ. ಅಲ್ಲಿ ಗುಂಡು ಹಾರಿತು, ಒಬ್ಬ ಬಿಳಿಯ ಸತ್ತ. ಮುಂದಿನ ದಿನಗಳಲ್ಲಿ ಬಂದೂಕು ಹಿಡಿದ ಗುಂಪುಗಳು ಕಪ್ಪು ಜನರನ್ನು ಹುಡುಕಿ ಹುಡುಕಿ ಕೊಂದವು. ಸತ್ತವರೆಷ್ಟು ಅನ್ನೋದು ಇವತ್ತಿಗೂ ಬಗೆಹರಿದಿಲ್ಲ. ಆದರೆ ಮರಣದಂಡನೆ ಕೊಟ್ಟಿದ್ದು 12 ಜನ ಕಪ್ಪು ರೈತರಿಗೆ! ಸುಪ್ರೀಂ ಕೋರ್ಟ್ ತನಕ ಹೋರಾಡಿ ಅವರ ಜೀವ ಉಳಿಸಬೇಕಾಯಿತು.

ಸಾಲ ಇದ್ದಾಗ ಹೊರಟರೆ ಶೆರಿಫ್, ಅಂದರೆ ಅಲ್ಲಿನ ಪೊಲೀಸ್ ಅಧಿಕಾರಿ, ಹಿಂದೆ ಬರುತ್ತಾನೆ. ಮುಂಗಡ ತಗೊಂಡು ಕೆಲಸ ಬಿಟ್ಟವನು ಮೋಸಗಾರ ಎಂದೇ ಹಿಡಿಯುವ ಅಲಬಾಮದ ಕಾನೂನನ್ನು ಸುಪ್ರೀಂ ಕೋರ್ಟ್ 1911ರಲ್ಲೇ ತೆಗೆದುಹಾಕಿತ್ತು. ಹಳ್ಳಿಗಳಲ್ಲಿ ಪದ್ಧತಿ ಹಾಗೇ ನಡೀತು. ಉತ್ತರದ ಕಾರ್ಖಾನೆಗಳಿಗೆ ಜನ ಕರೆದೊಯ್ಯುವ ಏಜೆಂಟರನ್ನು ತಡೆಯೋಕೆ ಜಾರ್ಜಿಯಾದ ಮೇಕನ್ ಪಟ್ಟಣ ಲೈಸೆನ್ಸ್ ಶುಲ್ಕವನ್ನೇ 25,000 ಡಾಲರ್ ಮಾಡಿತು. 'ಶಿಕಾಗೊ ಡಿಫೆಂಡರ್' ಅನ್ನೋ ಕಪ್ಪು ಜನರ ಪತ್ರಿಕೆ ಬನ್ನಿ ಬನ್ನಿ ಅಂತ ಕರೆಯುತ್ತಿತ್ತು. ಅದನ್ನು ರೈಲಿನ ಪುಲ್‌ಮನ್ ಅನ್ನೋ ಮಲಗುವ ಬೋಗಿಗಳ ಕಪ್ಪು ಕೆಲಸಗಾರರು ಗುಟ್ಟಾಗಿ ದಕ್ಷಿಣಕ್ಕೆ ತಲುಪಿಸಬೇಕಿತ್ತು. ಹಾಗಾಗಿ ಎಷ್ಟೋ ಮನೆಗಳಲ್ಲಿ ಮೊದಲು ಒಬ್ಬರು ಹೋಗಿ, ದುಡ್ಡು ಕೂಡಿಟ್ಟು, ಆಮೇಲೆ ಒಬ್ಬೊಬ್ಬರನ್ನೇ ಕರೆಸಿಕೊಂಡರು.

ಇಂಥ ಕಾದಂಬರಿಗಳಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸೋದು ಮನೆಯೊಳಗಿನ ಸಂಗತಿಗಳು. ಎಷ್ಟೋ ಅಂಗಡಿಗಳಲ್ಲಿ ಕಪ್ಪು ಜನ ಬೂಟು, ಟೊಪ್ಪಿ ಹಾಕಿ ನೋಡುವಂತಿರಲಿಲ್ಲ. ಹಾಗಾಗಿ ಅಮ್ಮ ಮಗುವನ್ನು ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಿದ್ದಳು. ಆ ಕಾಗದ ಕತ್ತರಿಸಿ ಅಂಗಡಿಗೆ ತಗೊಂಡು ಹೋಗಿ, ಅದರ ಅಳತೆಗೆ ಬೂಟು ತರೋದು. ನಾನೇ ಬಂದು ಹಾಕಿ ನೋಡಬಾರದಾ ಅಂತ ಮಗು ಕೇಳೇ ಕೇಳುತ್ತೆ ಅಲ್ವಾ? ಆ ತಾಯಿ ಏನು ಹೇಳಬೇಕು? ನಿಜ ಹೇಳಿದರೆ ಮಗುವಿನ ಮನಸ್ಸು ಮುರಿಯುತ್ತೆ. ಹೇಳದಿದ್ದರೆ ನಾಳೆ ಅದು ಅಂಗಡಿಯಲ್ಲಿ ಗೊತ್ತಿಲ್ಲದೆ ಕೈ ಚಾಚಿ ಏಟು ತಿನ್ನುತ್ತೆ. ಬಿಳಿಯರ ಎದುರು ಬಾಯಿ ಮುಚ್ಚಿಕೊಂಡಿರು ಅಂತಲೂ ಕಲಿಸಬೇಕು, ನೀನು ಅವರಿಗಿಂತ ಕಡಿಮೆಯಲ್ಲ ಅಂತಲೂ ಕಲಿಸಬೇಕು. ಎರಡನ್ನೂ ಒಂದೇ ಮಗುವಿಗೆ. ನಿಮ್ಮ ಕಾದಂಬರಿಯ ಅಪ್ಪ ಎಲ್ಲಾದರೂ ಸುಮ್ನೆ ಗದರಿಬಿಟ್ಟಿದ್ದರೆ, ಆ ಜಾಗ ಇನ್ನೊಮ್ಮೆ ಓದಿ. ಅವನು ಹೆದರಿದ್ದಾನೆ, ಮಗನಿಗಾಗಿ.

ಅಂಗಡಿಯವನ ಮುಖ ನೋಡೋದೇ ಬೇಡ ಅಂತ ಸಿಯರ್ಸ್ ಕಂಪನಿಯ ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ಸಾಮಾನು ತರಿಸಿಕೊಂಡವರೂ ಇದ್ದರು. ಅದೇ ಕಂಪನಿಯ ಮುಖ್ಯಸ್ಥ ಜೂಲಿಯಸ್ ರೋಸೆನ್‌ವಾಲ್ಡ್, ಕಪ್ಪು ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ ಜೊತೆ ಸೇರಿ ದಕ್ಷಿಣದಲ್ಲಿ ಕಪ್ಪು ಮಕ್ಕಳಿಗೆ ಶಾಲೆ ಕಟ್ಟಿಸೋಕೆ ಶುರು ಮಾಡಿದರು. 1932ರ ಹೊತ್ತಿಗೆ ಸುಮಾರು 5,000 ಶಾಲೆ ಆದವು. ದೊಡ್ಡ ಮನುಷ್ಯನ ಹೆಸರು ಉಳೀತು. ಆದರೆ ಊರ ಕಪ್ಪು ಜನ ಕೂಡಿಸಿದ ದುಡ್ಡು ರೋಸೆನ್‌ವಾಲ್ಡ್ ಕೊಟ್ಟಿದ್ದಕ್ಕಿಂತ ತುಸು ಜಾಸ್ತಿಯೇ. ಸಾಲದಲ್ಲಿ ಮುಳುಗಿದವರು ಮೀನು ಕರಿದು ಮಾರಿ, ಮರ ಕಡಿದು ಕೊಟ್ಟು, ತಾವೇ ಗೋಡೆ ಎಬ್ಬಿಸಿದರು. ಹಾಗೆ ಕಟ್ಟಿದ ಶಾಲೆ, ಚರ್ಚು, ಅದರ ಹಿಂದೆ ಹೂತ ಅಪ್ಪ ಅಮ್ಮ, ಇದನ್ನೆಲ್ಲ ಬಿಟ್ಟು ಹೋಗೋದು ಅಷ್ಟು ಸುಲಭವಾ?

ಕುಟುಂಬಕ್ಕೆ ಸ್ವಂತ ಜಮೀನು ಇದೆಯಾ ಅಂತ ನೀವು ಹೇಳಿಲ್ಲ. ಇದ್ದರೆ ಕಥೆಯೇ ಬೇರೆ. 1920ರಲ್ಲಿ ದೇಶದಲ್ಲಿ 9 ಲಕ್ಷಕ್ಕೂ ಹೆಚ್ಚು ಕಪ್ಪು ರೈತರಿದ್ದರು. ಸ್ವಂತ ಜಮೀನು ಇದ್ದವರು ನಾಲ್ವರಲ್ಲಿ ಒಬ್ಬರು, ಅಷ್ಟೂ ಪೂರ್ತಿ ಇಲ್ಲ. ತಾತ ಗುಲಾಮನಾಗಿದ್ದವನು. ಅವನ ಮೊಮ್ಮಗನ ಹೆಸರಲ್ಲಿ ಪತ್ರ ಇದೆ. ಅದನ್ನು ಬಿಟ್ಟು ಯಾವ ಬಾಯಲ್ಲಿ ಹೊರಡು ಅನ್ನೋಣ?

ಉತ್ತರದಲ್ಲೂ ಹಾಲು ಜೇನು ಹರಿಯುತ್ತಿರಲಿಲ್ಲ. 1919ರ ಜುಲೈನಲ್ಲಿ ಶಿಕಾಗೊದ ಸರೋವರದಲ್ಲಿ ಯೂಜಿನ್ ವಿಲಿಯಮ್ಸ್ ಅನ್ನೋ 17 ವರ್ಷದ ಕಪ್ಪು ಹುಡುಗ ಈಜುತ್ತಾ ಬಿಳಿಯರ ಕಡೆಗೆ ತೇಲಿಹೋದ. ದಡದಿಂದ ಕಲ್ಲು ಬಿತ್ತು, ಅವನು ಮುಳುಗಿ ಸತ್ತ. ಆಮೇಲೆ ನಡೆದ ಗಲಭೆಯಲ್ಲಿ 38 ಜನ ಸತ್ತರು. ಇಂಥ ಸುದ್ದಿ ಪತ್ರಗಳಲ್ಲಿ, ರೈಲಿನವರ ಬಾಯಲ್ಲಿ ಹಳ್ಳಿಗೂ ಬರುತ್ತಿತ್ತು.

ಕಾದಂಬರಿ ಮುಗಿಸಿ. ಮನೆಯಲ್ಲಿ ಅಜ್ಜಿ ಇದ್ದಾಳಾ, ಜಮೀನು ಯಾರ ಹೆಸರಲ್ಲಿದೆ, ಅಪ್ಪನ ಅಣ್ಣ ತಮ್ಮಂದಿರಲ್ಲಿ ಯಾರಾದರೂ ಮೊದಲೇ ಹೋಗಿದ್ದಾರಾ, ಇಷ್ಟನ್ನು ಗಮನಿಸಿ ಬರೆಯಿರಿ. ಆಗ ಇನ್ನಷ್ಟು ಮಾತಾಡೋಣ.